ಎಪ್ಪತ್ತಾರಕ್ಕೆ ಒಂದು

ಹಗಲಿಡೀ ಹಲ್ಲು ಕಟ್ಟುವ ಕೆಲಸ ನನ್ನದು,
ಕುಂಬಳೆ ಪೇಟೆ, ಔಷಧಿ ಅಂಗಡಿಯ ಮಾಳಿಗೆ.
ರಾತ್ರಿ, ಉಳಿದ ಪ್ಲಾಸ್ಟರು ಗಟ್ಟಿಯಾಗುವ ಮೊದಲು
ಅದೇ ಬಟ್ಟಲಿಂದ ಸ್ಟೇಷನ್ನು ಕಟ್ಟುತ್ತೇನೆ.

ಸಾವಿರದ ಒಂಬೈನೂರ ನಲವತ್ತಮೂರು, ಮಳೆಗೆ ಮೊದಲು.
ಆ ವರ್ಷವೇ ಯಾಕೆಂದರೆ
ಅಜ್ಜ ಅಲ್ಲಿ ಪಾಯಿಂಟ್ಸ್‌ಮ್ಯಾನ್.
ಅವನದೊಂದು ಸೀಟಿ, ಒಂದು ಫೋಟೋ ನನ್ನಲ್ಲಿದೆ.
ಫೋಟೋದಲ್ಲಿ ಅಜ್ಜನಿಗಿಂತ ಗೋಡೆಯೇ ಸ್ಪಷ್ಟ.

ಎಪ್ಪತ್ತಾರಕ್ಕೆ ಒಂದು. ಅದು ಲೆಕ್ಕ.
ಆಳು ಒಬ್ಬ ಕಿರುಬೆರಳ ಮೇಲಿನ ಗೆಣ್ಣಿನಷ್ಟು.
ಹಲ್ಲಿನ ಸಂದು ಬಿಡಿಸುವ ಕೊಕ್ಕೆಯಿಂದಲೇ
ಮುರಕಲ್ಲಿನ ಸಂದು ಕೊರೆದೆ;
ಕಲ್ಲಿನ ತೂತುಗಳಿಗೆ ಹಳೆಯ ಟೂತ್‌ಬ್ರಷ್ಷು.
ಬೆಂಕಿಪೆಟ್ಟಿಗೆಯ ರಟ್ಟು ಕತ್ತರಿಸಿ ಹಂಚು,
ಸಾವಿರದ ಇನ್ನೂರ ಹನ್ನೊಂದು,
ಒಸಡಿನ ಬಣ್ಣಕ್ಕೆ ತುಸು ಕಾವಿ ಬೆರೆಸಿ.
ತಂತಿಗೆ ನಾರು ಸುತ್ತಿದರೆ ತೆಂಗು,
ಒಣಹೀರೆಯ ಬಲೆ ಪೊದೆ,
ಸೋಸಿದ ಚಾಹುಡಿ ದಾರಿಯ ಮಣ್ಣು.
ಹೊಳೆ ಮಾತ್ರ ಮೂರು ಸಲ ಕೆಟ್ಟಿತು,
ವಾರ್ನಿಷು ಒಣಗುವ ಮೊದಲೇ ಇರುವೆ ನಡೆದು.
ನಾಲ್ಕನೆಯ ಸಲ ಇರುವೆಯನ್ನು ಅಲ್ಲೇ ಬಿಟ್ಟೆ,
ದೋಣಿ ಎಂದುಕೊಂಡು.

ದೀಪದ ಕಂಬ ಆರು, ಎಳ್ಳಿನಷ್ಟು ಬಲ್ಬು.
ಸ್ವಿಚ್ಚು ಒತ್ತಿದರೆ ಸ್ಟೇಷನ್ನು ಮದುವೆಮನೆ.

ಗೂಡ್ಸಿಗೆ ಗೋಣಿಚೀಲ ಬೇಕಿತ್ತು.
ಮೇಣದಲ್ಲಿ ಮಾಡಿದೆ, ಕರಗಿತು.
ಬಟ್ಟೆಯಲ್ಲಿ ಹೊಲಿದೆ, ಆನೆಯಷ್ಟಾಯಿತು.
ಒಂದು ರಾತ್ರಿ ಗಂಜಿಗೆ ಅಕ್ಕಿ ತೊಳೆಯುವಾಗ ಹೊಳೆಯಿತು:
ಕುಚ್ಚಲಕ್ಕಿ! ಅದೇ ಗೋಣಿಯ ಕಂದು, ಬೆನ್ನಿಗೊಂದು ಗೀರು,
ಎರಡು ಕಡೆ ಹೊಲಿದಂಥ ಮೂತಿ.
ಅಳತೆಗೆ ತುಸು ಸಣ್ಣದು. ಇರಲಿ, ಯುದ್ಧಕಾಲ.
ಒಂದೊಂದೇ ಕಾಳು ಚಿಮ್ಮಟದಲ್ಲಿ ಹಿಡಿದು, ಅಂಟು ಮುಟ್ಟಿಸಿ
ಎರಡು ವ್ಯಾಗನ್ನು ತುಂಬಿಸಿದೆ.

ಕುಂಞಲೀಮ ಬಂದದ್ದು ಕೆಳದವಡೆಯ ಅಳತೆಗೆ,
ಆರಿಕ್ಕಾಡಿಯಿಂದ, ಮೊಮ್ಮಗನ ಆಟೋದಲ್ಲಿ.
ಅಚ್ಚು ಕೂರುವ ನಾಲ್ಕು ನಿಮಿಷ ಮಾತಾಡುವಂತಿಲ್ಲ.
ಆ ನಾಲ್ಕು ನಿಮಿಷ ನನ್ನ ಮೇಜನ್ನೇ ನೋಡಿದರು.
ಅಚ್ಚು ತೆಗೆದದ್ದೇ ತಡ,
“ಲೈಟು ಯಾಕೆ ಮಗಾ? ಆಗ ಕತ್ತಲೆ ಅಲ್ಲವಾ.
ಸಮುದ್ರದ ಕಡೆಯ ಕಿಟಕಿಗೆಲ್ಲ ಕಪ್ಪು ಕಾಗದ.
ಬೀಡಿ ಹೊತ್ತಿಸಿದರೂ ಬೈಗುಳ.
ಗಾಡಿ ಬಂತೆಂದು ಮೊದಲು ಗೊತ್ತಾಗುವುದು
ಅಂಗಾಲಿಗೆ.”

ಮತ್ತೆ ಬಗ್ಗಿ, ವ್ಯಾಗನ್ನಿನ ಹತ್ತಿರ ಕಣ್ಣು ತಂದು,
“ಇದು ಅರಿಯಲ್ಲವಾ?”
ಗೋಣಿ, ಎಂದೆ.
ನಕ್ಕರು. ಬರೀ ಒಸಡು.
“ಉಮ್ಮ ಹಿಡಿಸೂಡಿ ಹಿಡಿದು ಕಾಯುತ್ತಿದ್ದಳು.
ಚೀಲ ಹರಿದು ಸೋರಿದ್ದು ಜಲ್ಲಿಯ ಎಡೆಗೆ ಬೀಳುವುದು.
ಗುಡಿಸಿದರೆ ಬರುವುದಿಲ್ಲ, ಹೆಕ್ಕಬೇಕು.
ನನ್ನ ಬೆರಳು ಸಣ್ಣ, ನನಗೇ ಆ ಕೆಲಸ.
ಖಾಕಿಯವನೊಬ್ಬ ಸೀಟಿ ಊದುತ್ತಿದ್ದ,
ನಮ್ಮನ್ನು ಓಡಿಸಲಿಕ್ಕೋ
ಗಾರ್ಡು ಬಂದನೆಂದು ತಿಳಿಸಲಿಕ್ಕೋ,
ಇವತ್ತಿಗೂ ಗೊತ್ತಿಲ್ಲ.”

ಅವರು ಹೋದ ಮೇಲೆ ವಯರು ಕಿತ್ತೆ.
ಕಿಟಕಿಗಳಿಗೆ ಎಕ್ಸ್‌ರೇ ಫಿಲ್ಮಿನ ಕಪ್ಪು ತುಂಡು;
ಸ್ಟೇಷನ್ ಮಾಸ್ತರರ ಕೋಣೆಗೆ ಯಾರದೋ ದವಡೆಯ ನೆರಳು.
ವ್ಯಾಗನ್ನಿನ ಮೂಲೆಯಿಂದ ಒಂದು ಕಾಳು ಎಬ್ಬಿಸಿ
ಹಳಿಗಳ ನಡುವೆ ಇಟ್ಟೆ.
ಅಲ್ಲೂ ಅದು ಚೀಲವೇ ಆಯಿತು,
ಯಾರೋ ಬೀಳಿಸಿ ಹೋದ ಇಡೀ ಚೀಲ.
ಕಾಳು ಕಾಳಾಗಬೇಕಾದರೆ ಕುಟ್ಟಬೇಕು.
ಕುಟ್ಟಿದೆ. ಮತ್ತೂ ಕುಟ್ಟಿದೆ.
ಊದಿದರೆ ಹಾರುವ ಹುಡಿ, ಕನ್ನಡಕಕ್ಕೂ ಸಿಗದು.
ಅದನ್ನೇ ಜಲ್ಲಿಯ ಮೇಲೆ ಉದುರಿಸಿದೆ.
ಏನೂ ಬದಲಾದಂತೆ ಕಾಣಲಿಲ್ಲ.

ಸೀಟಿ ಮೇಜಿನ ಖಾನೆಯಲ್ಲಿತ್ತು.
ಊದಿ ಕೇಳಿಸಬೇಕೆಂದುಕೊಂಡೆ, ಮಂಗಳವಾರ,
ದವಡೆ ಕೂರಿಸುವ ದಿನ.
ಹಲ್ಲು ಸರಿಯಾಗಿ ಕೂತಿತು. ಕುಂಞಲೀಮ
ಎರಡು ಸಲ ಕಚ್ಚಿ ನೋಡಿ, ತಲೆಯಾಡಿಸಿ,
ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿ
ಮೆಟ್ಟಿಲಿಳಿದರು, ಒಂದೊಂದೇ ಮೆಟ್ಟಿಲು.
ನನ್ನ ಕೈ ಖಾನೆಯ ಹಿಡಿಯ ಮೇಲೆಯೇ ಇತ್ತು.